ಕೊಲೆಯ ಕತೆಗೆ ನಗಬಹುದೆ?

(ಲೊಕ್ಕನಹಳ್ಳಿಯ ಓದುಗರೆದುರು ಆಡಿದ ಮಾತಿನ ಬರಹ ರೂಪ)

ಪತ್ತೇದಾರಿ ಕಾದಂಬರಿಗೆ ಒಂದು ವಿಚಿತ್ರ ಹಣೆಬರಹವಿದೆ. ಅದನ್ನು ಓದದವರು ಕಡಿಮೆ. ಓದಿದ್ದೇನೆಂದು ಸಭೆಯಲ್ಲಿ ಒಪ್ಪಿಕೊಳ್ಳುವವರು ಅದಕ್ಕಿಂತಲೂ ಕಡಿಮೆ. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿ ಮೇಷ್ಟರ ಕೈಯಲ್ಲಿ ಏಟು ತಿಂದವರು, ಬಾಡಿಗೆ ಪುಸ್ತಕದ ಅಂಗಡಿಯಿಂದ ಸಂಜೆ ತಂದು ಬೆಳಗಾಗುವುದರೊಳಗೆ ಮುಗಿಸಿ ಒಂದೇ ದಿನದ ಬಾಡಿಗೆಯಲ್ಲಿ ಪಾರಾದವರು, ಇಂಥವರು ಇಲ್ಲಿಯೂ ಇದ್ದಾರು. ಆ ಪುಸ್ತಕಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟು ಮುಂದೆ ಓದುವವರ ಸುಖಕ್ಕೆ ಕಲ್ಲು ಹಾಕುತ್ತಿದ್ದುದೂ ಉಂಟು.

ಈ ಮಾತಿನ ವಿಷಯ ಪತ್ತೇದಾರಿ ಕಾದಂಬರಿಯ ಒಂದು ವಿಶೇಷ ತಳಿ. ಅದರಲ್ಲಿ ಕೊಲೆ ಇರುತ್ತದೆ, ರಕ್ತ ಇರುತ್ತದೆ, ಊರು ಹೊತ್ತಿ ಉರಿಯುವುದೂ ಇರುತ್ತದೆ. ಇಷ್ಟೆಲ್ಲದರ ನಡುವೆ ಓದುಗನಿಗೆ ತಡೆಯಲಾರದ ನಗುವೂ ಬರುತ್ತದೆ. ಆ ನಗು ಬಂದ ಮೇಲೆ ಏನಾಗುತ್ತದೆ, ಓದುಗರು ಅದನ್ನು ಹೇಗೆ ಸ್ವೀಕರಿಸಿದ್ದಾರೆ, ನಕ್ಕದ್ದು ಸರಿಯೇ ತಪ್ಪೇ ಎಂಬ ಜಿಜ್ಞಾಸೆ ಎಲ್ಲ ಕಡೆಯೂ ನಡೆಯತಕ್ಕದ್ದೇ. ಆದರೆ ಲೊಕ್ಕನಹಳ್ಳಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿದರೆ ಅದರ ತೂಕ ಬೇರೆಯಾಗುತ್ತದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಕಡೆ ಮಲೆ ಮಹದೇಶ್ವರನ ಕಾಡು ಇರುವ ಈ ಸೀಮೆಯಲ್ಲಿ ಕೊಲೆ, ಅಪಹರಣ, ಗುಂಡಿನ ಸದ್ದು ಇವೆಲ್ಲ ಬಹುಕಾಲ ಪುಸ್ತಕದಿಂದ ಬಂದ ಸುದ್ದಿಗಳಾಗಿರಲಿಲ್ಲ.

ಮೊದಲು ಸಾಮಾನ್ಯ ಪತ್ತೇದಾರಿ ಕಾದಂಬರಿಯ ಓದುಗನನ್ನು ನೋಡಬೇಕು. ಕನ್ನಡದಲ್ಲಿ ಈ ಓದುಗನನ್ನು ಸೃಷ್ಟಿಸಿದವರು ಎನ್. ನರಸಿಂಹಯ್ಯನವರು ಎಂದರೆ ಅತಿಶಯವಲ್ಲ. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿಗಳು. 1952ರ 'ಪತ್ತೇದಾರ ಪುರುಷೋತ್ತಮ'ದಿಂದ ಆರಂಭವಾದ ಆ ಯಾತ್ರೆಯಲ್ಲಿ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರು ಮನೆಮಾತಾದರು. ಅಕ್ಷರ ಕಲಿತು ಓದಲು ಏನೂ ಇಲ್ಲದೆ ಕುಳಿತಿದ್ದ ಎಷ್ಟೋ ಜನರಿಗೆ ಓದಿನ ಚಟ ಹಿಡಿಸಿದ್ದು ಆ ಪುಸ್ತಕಗಳು. ವಿಮರ್ಶಕರು ಅತ್ತ ತಿರುಗಿ ನೋಡಲಿಲ್ಲ. ತಿರುಗಿ ನೋಡದೆ ಇದ್ದುದರಿಂದ ನರಸಿಂಹಯ್ಯನವರಿಗೆ ಆದ ನಷ್ಟಕ್ಕಿಂತ ವಿಮರ್ಶೆಗೆ ಆದ ನಷ್ಟ ಹೆಚ್ಚು. ಕನ್ನಡದ ಸಾಮಾನ್ಯ ಓದುಗ ಏನು ಬಯಸುತ್ತಾನೆ ಎಂದು ತಿಳಿಯುವ ಒಂದು ದೊಡ್ಡ ಕಿಟಕಿಯನ್ನು ಅದು ತಾನೇ ಮುಚ್ಚಿಕೊಂಡಿತು.

ಕೊಳ್ಳೇಗಾಲದ ಕಡೆಯ ಓದುಗನಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಹನೂರು ತಾಲ್ಲೂಕು ಆಗ ಅದರೊಳಗೇ ಇತ್ತು. ಎರಡು ಭಾಷೆ ಬಲ್ಲವರು ಇಲ್ಲಿ ಇಂದಿಗೂ ಹೇರಳ. ಕೊಯಮತ್ತೂರಿನವರೇ ಆದ ರಾಜೇಶ್ ಕುಮಾರ್ ಬರೆದ ತಮಿಳು ಪಾಕೆಟ್ ಕಾದಂಬರಿಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರದಲ್ಲಿ ತೂಗಾಡುತ್ತಿದ್ದ ಕಾಲವಿತ್ತು. ಸುಜಾತಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಸ್. ರಂಗರಾಜನ್ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಅವರು ಸೃಷ್ಟಿಸಿದ ವಕೀಲ ಜೋಡಿ ಗಣೇಶ್ ಮತ್ತು ವಸಂತ್. ಇವರಲ್ಲಿ ವಸಂತನಿಗೆ ಹೆಣದ ಪಕ್ಕದಲ್ಲಿ ನಿಂತಾಗಲೂ ತಮಾಷೆ ಮಾತು ಬಾಯಿಗೆ ಬರುತ್ತದೆ. ಅಲ್ಲಿ ನಗು ಊಟದ ಜೊತೆಗಿನ ಉಪ್ಪಿನಕಾಯಿಯಂತೆ. ಅದು ಭಯವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಮತ್ತೆ ಕತೆ ತನ್ನ ದಾರಿ ಹಿಡಿಯುತ್ತದೆ. ಕೊನೆಯಲ್ಲಿ ಅಪರಾಧಿ ಸಿಕ್ಕುತ್ತಾನೆ. ಓದುಗ ನಿದ್ದೆ ಮಾಡುತ್ತಾನೆ.

ಈ ನಿದ್ದೆಯ ಒಪ್ಪಂದವನ್ನು ಲೇಖಕ ಮುರಿದರೆ ಓದುಗ ಸುಮ್ಮನಿರುವುದಿಲ್ಲ. ಆರ್ಥರ್ ಕೊನನ್ ಡಾಯಲ್ 1893ರಲ್ಲಿ ತನ್ನ ಶೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡಾಗ ಇಂಗ್ಲೆಂಡಿನ ಓದುಗರು ಕೋಪದಿಂದ ಪತ್ರ ಬರೆದರು, ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷ ಕಳೆದು 1903ರಲ್ಲಿ ಆತ ಸತ್ತಿರಲೇ ಇಲ್ಲವೆಂದು ಹೊಸ ಕತೆ ಕಟ್ಟಿ ಡಾಯಲ್ ಅವನನ್ನು ಮರಳಿ ತರಬೇಕಾಯಿತು. ಪತ್ತೇದಾರಿ ಓದುಗನ ಮುಂದೆ ಲೇಖಕನ ಹಟ ನಡೆಯುವುದಿಲ್ಲ ಎಂಬುದಕ್ಕೆ ಇದು ಹಳೆಯ ನಿದರ್ಶನ.

ಕನ್ನಡದಲ್ಲಿ ಆ ಒಪ್ಪಂದವನ್ನು ಬೇಕೆಂದೇ ಮುರಿದು, ಓದುಗನಿಂದ ಬೈಸಿಕೊಳ್ಳುವ ಬದಲು ಅವನ ಪ್ರೀತಿಯನ್ನೇ ಗಳಿಸಿದ ಪುಸ್ತಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. 1985ರಲ್ಲಿ ಬಂದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಕಾದಂಬರಿಯ ವೇಷ ತೊಟ್ಟು ಬಂದ ಪುಸ್ತಕವೊಂದು ದೆಹಲಿಯ ಅಕಾಡೆಮಿಯ ಬಾಗಿಲು ದಾಟಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಕತೆ ಬಲ್ಲವರಿಗೆ ಅದನ್ನು ಮತ್ತೆ ಹೇಳಬೇಕಿಲ್ಲ. ಬಲ್ಲದವರಿಗಾಗಿ ಇಷ್ಟು. ಮಲೆನಾಡಿನ ಕೆಸರೂರು ಎಂಬ ಊರು. ಅಲ್ಲಿನ ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳ ಸತ್ತಿದ್ದಾರೆ. ಅದು ಅಪಘಾತವೋ ಕೊಲೆಯೋ ಗೊತ್ತಿಲ್ಲ. ಇದನ್ನೂ, ಏಲಕ್ಕಿ ಬೆಳೆ ಯಾಕೆ ಕುಸಿಯುತ್ತಿದೆ ಎಂಬುದನ್ನೂ ಪತ್ತೆ ಮಾಡಲು ಗುಪ್ತಚರ ಇಲಾಖೆಯ ಶ್ಯಾಮನಂದನ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಊರಿನಲ್ಲಿ ಕೃಷ್ಣೇಗೌಡರ ಮನೆಯ ಮೇಲೆ ಕಲ್ಲು ಬೀಳುತ್ತಿವೆ. ಜನ ಅದು ಭಾನಾಮತಿ ಎನ್ನುತ್ತಾರೆ. ಗೌಡರ ಮಗಳು ಜಯಂತಿಗೂ ರಫಿ ಎಂಬ ಹುಡುಗನಿಗೂ ಪ್ರೇಮ. ಊರಿನ ಹುಡುಗರಿಗೆ ಕ್ರಾಂತಿ ಮಾಡುವ ಆಸೆ. ಸುಲೇಮಾನ್ ಬ್ಯಾರಿಗೆ ವ್ಯಾಪಾರದ ಆಸೆ. ಸುತ್ತಲೂ ಲಂಟಾನ ಪೊದೆ ಬೆಳೆದು ಒಣಗುತ್ತಿದೆ. ಕೊನೆಗೆ ಒಂದು ದಿನ ಊರಿಗೆ ಊರೇ ಬೆಂಕಿಗೆ ಸಿಕ್ಕುತ್ತದೆ.

ಇಷ್ಟನ್ನು ಓದಿದರೆ ಭಯಾನಕ ಕತೆ ಎನ್ನಿಸುತ್ತದೆ. ಪುಸ್ತಕ ಕೈಗೆತ್ತಿಕೊಂಡರೆ ಎರಡು ಪುಟಕ್ಕೊಮ್ಮೆ ನಗು. ಆ ನಗುವಿನ ಮೂಲ ಯಾವುದು ಎಂದು ಹುಡುಕಿದರೆ ಸಂಶಯದಲ್ಲಿ ಸಿಕ್ಕುತ್ತದೆ. ಕೆಸರೂರಿನಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಸಂಶಯ. ಅಧಿಕಾರಿಗೆ ಊರಿನ ಮೇಲೆ, ಊರಿಗೆ ಅಧಿಕಾರಿಯ ಮೇಲೆ, ಹಿಂದೂಗಳಿಗೆ ಮುಸಲ್ಮಾನರ ಮೇಲೆ, ಮುಸಲ್ಮಾನರಿಗೆ ಹಿಂದೂಗಳ ಮೇಲೆ, ಅಪ್ಪನಿಗೆ ಮಗಳ ಮೇಲೆ. ಒಬ್ಬನು ಮಾಡಿದ ಕೆಲಸಕ್ಕೆ ಇನ್ನೊಬ್ಬನು ಕಾರಣ ಕಲ್ಪಿಸುತ್ತಾನೆ. ಆ ಕಲ್ಪನೆಯ ಮೇಲೆ ಮೂರನೆಯವನು ತನ್ನ ಕೆಲಸ ಹೂಡುತ್ತಾನೆ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಮಹಾ ಬುದ್ಧಿವಂತ. ಆದ್ದರಿಂದಲೇ ಒಟ್ಟು ಊರು ಶುದ್ಧ ಪೆದ್ದು. ಹಾಸ್ಯ ಹುಟ್ಟುವುದೂ ಇಲ್ಲೇ, ಬೆಂಕಿ ಹುಟ್ಟುವುದೂ ಇಲ್ಲೇ. ನಗೆಗೆ ಬೇರೆ ಒಲೆ, ದುರಂತಕ್ಕೆ ಬೇರೆ ಒಲೆ ಎಂದು ತೇಜಸ್ವಿ ಇಟ್ಟುಕೊಳ್ಳಲಿಲ್ಲ.

ಈ ಕಾದಂಬರಿಯನ್ನು ಶುದ್ಧ ಪತ್ತೇದಾರಿ ಎಂದುಕೊಂಡು ಹಿಡಿದವನಿಗೆ ಕೊನೆಯಲ್ಲಿ ತಕರಾರು ಬರುವುದು ಸಹಜ. ಪತ್ತೇದಾರನು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ 'ಕೊಲೆಗಾರ ಇವನೇ' ಎಂದು ಬೆರಳು ತೋರಿಸುವ ದೃಶ್ಯ ಇಲ್ಲಿ ಬರುವುದಿಲ್ಲ. ಇಷ್ಟೆಲ್ಲ ಸುತ್ತಿಸಿ ಊರನ್ನೇ ಸುಟ್ಟುಬಿಟ್ಟರಲ್ಲ, ಹಾಗಾದರೆ ರಹಸ್ಯ ಏನಾಯಿತು? ಈ ಪ್ರಶ್ನೆಗೆ ಹೆಸರಿನಲ್ಲೇ ಉತ್ತರವಿದೆ. ಚಿದಂಬರದ ದೇವಾಲಯದಲ್ಲಿ ಪರದೆ ಸರಿಸಿದರೆ ಹಿಂದೆ ಕಾಣುವುದು ಬಯಲು. ಪರದೆ ಸರಿಸುವ ತನಕದ ಕುತೂಹಲವೇ ಅಲ್ಲಿನ ರಹಸ್ಯ. ಗಂಭೀರ ಸಾಹಿತ್ಯದ ಓದುಗನ ಕಷ್ಟ ಇದಕ್ಕೆ ತಿರುಗುಮುರುಗು. ಅವನಿಗೆ ಬಯಲು ಒಪ್ಪಿಗೆ, ಪರದೆಯ ಮೇಲಿನ ಚಿತ್ತಾರವೇ ಜಾಸ್ತಿ ಆಯಿತೇನೋ ಎಂಬ ಅನುಮಾನ. ಇಷ್ಟು ಸರಾಗವಾಗಿ ಓದಿಸಿಕೊಂಡು ಹೋಗುವ ಪುಸ್ತಕ ಆಳವಾದದ್ದೂ ಆಗಿರಲು ಸಾಧ್ಯವೇ? ಕಷ್ಟಪಟ್ಟು ಓದಿದ್ದಷ್ಟೇ ಒಳ್ಳೆಯ ಸಾಹಿತ್ಯ ಎಂಬ ಭಾವನೆ ಕನ್ನಡದ ವಿದ್ಯಾವಂತರಲ್ಲಿ ನವ್ಯದ ಕಾಲದಿಂದ ಬೇರೂರಿತ್ತು. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ಆ ನವ್ಯ ಮಾರ್ಗಕ್ಕೆ ವಿದಾಯ ಹೇಳಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಅಂದಹಾಗೆ, ಬಾಡಿಗೆ ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆಯುವ ಪುಣ್ಯಾತ್ಮ ಈ ಪುಸ್ತಕ ಸಿಕ್ಕಿದರೆ ಏನು ಬರೆದಾನು?

ಈಗ ಈ ಸೀಮೆಗೆ ಬರೋಣ. ಸಂಶಯವೇ ಹಾಸ್ಯದ ಮೂಲ ಎಂದು ಹೇಳಿದ್ದು ಕೆಸರೂರಿನ ಮಟ್ಟಿಗೆ ಸರಿ. ಪತ್ತೇದಾರಿ ಕಾದಂಬರಿಯ ಸುಖ ಇರುವುದೂ ಅದರಲ್ಲೇ: ಕೊನೆಯ ಪುಟದವರೆಗೆ ಎಲ್ಲರೂ ಸಂಶಯಿತರು. ಅಡುಗೆಯವನು, ಮಾಲಿ, ತಮ್ಮ, ಡಾಕ್ಟರು ಇವರಲ್ಲಿ ಯಾರಾದರೂ ಇರಬಹುದು. ಓದುಗ ಕುರ್ಚಿಯಲ್ಲಿ ಕುಳಿತು ಎಲ್ಲರನ್ನೂ ಅನುಮಾನಿಸುತ್ತಾನೆ. ಅವನನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಓದುವವನೇ ಒಂದು ಕಾಲದಲ್ಲಿ ಸಂಶಯಿತನಾಗಿದ್ದವನಾದರೆ?

1990ರ ದಶಕದ ಈ ಕಾಡಂಚಿನ ಹಳ್ಳಿಗಳನ್ನು ನೆನೆಸಿಕೊಂಡರೆ ಈ ಪ್ರಶ್ನೆ ಕಲ್ಪನೆಯದಲ್ಲ ಎಂದು ತಿಳಿಯುತ್ತದೆ. 1991ರ ನವೆಂಬರ್ 10ರಂದು, ಗೋಪಿನಾಥಂನ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಶರಣಾಗುವ ನೆಪದಲ್ಲಿ ಕರೆಸಿ ಕೊಂದ. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಹೊಂಚಿಗೆ ಸಿಕ್ಕಿ ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಇವು ಯಾವುವೂ ಲೊಕ್ಕನಹಳ್ಳಿಯಿಂದ ದೂರದ ಹೆಸರುಗಳಲ್ಲ. ಸಂತೆಗೆ, ನೆಂಟರ ಮನೆಗೆ, ಜಾತ್ರೆಗೆ ಹೋಗಿಬರುವ ಊರುಗಳು.

ಆ ಘಟನೆಗಳ ನಂತರ ಬಂದದ್ದು ಸಂಶಯದ ಕಾಲ. ಅಕ್ಕಿ ಹೆಚ್ಚು ಕೊಂಡವನು ಕಾಡಿಗೆ ಕೊಟ್ಟನೇನೋ. ಕೊಳ್ಳದವನು ಕಾಡಿನಿಂದ ದುಡ್ಡು ಪಡೆದಿರಬಹುದು. ಮಾತಾಡಿದರೆ ಕಾಡಿನವರಿಗೆ ಅನುಮಾನ, ಮಾತಾಡದಿದ್ದರೆ ಪೊಲೀಸರಿಗೆ ಅನುಮಾನ. ನೂರಕ್ಕೂ ಹೆಚ್ಚು ಹಳ್ಳಿಗರು ಟಾಡಾ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕಳೆದರು. 2001ರಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಹೊರಬಂದರು. ವಿಶೇಷ ಕಾರ್ಯಪಡೆಯ ಕೈಯಲ್ಲಿ ಹಿಂಸೆ ಅನುಭವಿಸಿದವರ ದೂರುಗಳನ್ನು ಪರಿಶೀಲಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು. ಡಾ. ರಾಜಕುಮಾರ್ ಅವರ 108 ದಿನಗಳ ವನವಾಸ 2000ದಲ್ಲಿ. ಕಾಮಗೆರೆಯಿಂದ ಒಯ್ಯಲ್ಪಟ್ಟ ಮಾಜಿ ಸಚಿವ ಎಚ್. ನಾಗಪ್ಪನವರು ಹೆಣವಾಗಿ ಸಿಕ್ಕಿದ್ದು 2002ರ ಡಿಸೆಂಬರಿನಲ್ಲಿ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು.

ಹೀಗಿದ್ದ ಸೀಮೆಯಲ್ಲಿ ನಗು ಇರಲಿಲ್ಲವೇ? ಇತ್ತು. ಆ ಮೀಸೆಯ ಬಗ್ಗೆ, ಪಕ್ಕದ ಬೆಟ್ಟದಲ್ಲಿ ಅವನಿದ್ದರೆ ಎದುರು ಬೆಟ್ಟದಲ್ಲಿ ಹುಡುಕುತ್ತಿದ್ದ ಪಡೆಯ ಬಗ್ಗೆ ಊರೂರಲ್ಲಿ ತಮಾಷೆಗಳು ಹುಟ್ಟಿಕೊಂಡವು. ಬೆಂಗಳೂರಿನಲ್ಲಿ ಹುಟ್ಟಿದ ವೀರಪ್ಪನ್ ತಮಾಷೆಗಳಿಗೂ ಇಲ್ಲಿ ಪಿಸುಮಾತಿನಲ್ಲಿ ಓಡಾಡಿದ ತಮಾಷೆಗಳಿಗೂ ಒಂದು ವ್ಯತ್ಯಾಸವಿತ್ತು. ಅಲ್ಲಿ ನಕ್ಕವನು ಪತ್ರಿಕೆ ಮಡಿಸಿಟ್ಟು ಕಾಫಿ ಕುಡಿದ. ಇಲ್ಲಿ ನಕ್ಕವನು ಮೊದಲು ಸುತ್ತ ಯಾರಿದ್ದಾರೆ ಎಂದು ನೋಡಿಕೊಂಡ. ಕೊಲೆಯ ಕತೆಯಲ್ಲಿ ಬರುವ ಹಾಸ್ಯವನ್ನು ತೂಗಬೇಕಾದರೆ ಈ ಎರಡನೆಯ ನಗುವನ್ನೇ ತಕ್ಕಡಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. 2013ರಲ್ಲಿ ವೀರಪ್ಪನ್ ಕುರಿತು ಬಂದ ಚಲನಚಿತ್ರದ ಹೆಸರು 'ಅಟ್ಟಹಾಸ'. ನಗುವಿಗೇ ಇರುವ ಇನ್ನೊಂದು ಹೆಸರು ಅದು. ಆದರೆ ಕೊಲ್ಲುವವನ ನಗು; ಉಳಿದವರದಲ್ಲ.

ತೇಜಸ್ವಿಯವರ 'ಜುಗಾರಿ ಕ್ರಾಸ್' ಪ್ರಕಟವಾದದ್ದು 1994ರಲ್ಲಿ, ಈ ಸೀಮೆ ಕಾದ ಹೆಂಚಿನ ಮೇಲಿದ್ದಾಗ. ಅದರ ಕಾಡು ಮಲೆನಾಡಿನದು. ಸುರೇಶ, ಗೌರಿ ಎಂಬ ಯುವ ದಂಪತಿ ಏಲಕ್ಕಿ ಮಾರಿ ಬಂದ ದಿನ ಒಂದು ರಾತ್ರಿಯೊಳಗೆ ಕಳ್ಳಸಾಗಣೆದಾರರ, ಕೊಲೆಗಡುಕರ ಜಾಲಕ್ಕೆ ಸಿಕ್ಕಿಬೀಳುವ ಕತೆ. ಹಳಗನ್ನಡ ಕಾವ್ಯವೊಂದರೊಳಗೆ ಅಡಗಿದ ಕೆಂಪು ಹರಳಿನ ಜಾಡೂ ಅದರಲ್ಲಿದೆ. ಓಟ, ರೈಲು, ಸುರಂಗ, ಚೂರಿ ಎಲ್ಲ ಇದ್ದು 'ಚಿದಂಬರ ರಹಸ್ಯ'ಕ್ಕಿಂತ ಬಿರುಸಾಗಿ ಓದಿಸಿಕೊಳ್ಳುತ್ತದೆ. ಆದರೆ ನಗು ಅಷ್ಟಿಲ್ಲ. ರೋಚಕತೆ ಹೆಚ್ಚಾದಾಗ ನಗೆಗೆ ಜಾಗ ಕಡಿಮೆಯಾಗುತ್ತದೆ ಎಂಬುದಕ್ಕೆ ಒಬ್ಬನೇ ಲೇಖಕನ ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಕಾಡಿನ ಸಂಪತ್ತು ಹೇಗೆ ಕೈಯಿಂದ ಕೈಗೆ ದಾಟುತ್ತದೆ, ಆ ಸರಪಳಿಯಲ್ಲಿ ಮಚ್ಚು ಹಿಡಿದವನು ಎಷ್ಟು ಸಣ್ಣ ಮನುಷ್ಯ ಎಂಬುದನ್ನು ತೋರಿಸುವುದರಲ್ಲಿ ಮಾತ್ರ ಅದು ಗಂಧದ ಮರ ಕಂಡ ಈ ಸೀಮೆಯ ಓದುಗನಿಗೆ ಬಹಳ ಹತ್ತಿರದ ಪುಸ್ತಕ.

ಕೊಲೆ, ಹಿಂಸೆ, ಹಾಸ್ಯ ಇವನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವುದನ್ನು ಕನ್ನಡದ ಕಾದಂಬರಿಕಾರರು ಹೊರಗಿನಿಂದ ಕಲಿತರು ಎಂದು ಹೇಳುವವರಿದ್ದಾರೆ. ಲೊಕ್ಕನಹಳ್ಳಿಯಲ್ಲಿ ಆ ಮಾತು ನಿಲ್ಲುವುದಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಬೆಳಗಿನವರೆಗೆ ಹಾಡುವ ಮಾದೇಶ್ವರನ ಕಾವ್ಯವನ್ನು ಒಮ್ಮೆ ನೆನೆಯಬೇಕು. ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮಾದಪ್ಪ ಯುದ್ಧ ಮಾಡಿ ಕೊಲ್ಲುವುದಿಲ್ಲ. ಉಪಾಯವಾಗಿ ಒಳಗೆ ಸೇರಿಕೊಂಡು, ಹೊಗಳಿ, ನಂಬಿಸಿ, ಅರಗಿನ ಪಾದರಕ್ಷೆ ಮೆಟ್ಟಿಸಿ ಸುಡುತ್ತಾನೆ. ಪೂರ್ವಯೋಜಿತ ಕೊಲೆಗೆ ಇದಕ್ಕಿಂತ ಅಚ್ಚುಕಟ್ಟಾದ ಸಂಚು ಯಾವ ಪತ್ತೇದಾರಿ ಕಾದಂಬರಿಯಲ್ಲಿದೆ? ಕೇಳುವವರು ಆ ಭಾಗದಲ್ಲಿ ನಗುತ್ತಾರೆ. ಅದೇ ಜನ ಅದೇ ರಾತ್ರಿ ಸಂಕಮ್ಮನ ಸಾಲು ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ಜೇನಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಮೇಲೆ ಸಂಶಯಪಟ್ಟು ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ, ಅವನು ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಇಲ್ಲಿಯೂ ಸಂಶಯವೇ ಕತೆಯ ಬೀಜ, ಆದರೆ ಇಲ್ಲಿ ನಗು ಇಲ್ಲ. ಎಲ್ಲಿ ನಗಬೇಕು, ಎಲ್ಲಿ ನಗಬಾರದು ಎಂಬ ವಿವೇಕವನ್ನು ಹಾಡುವವರು ಕೇಳುವವರಿಗೆ ಭಾಷಣ ಮಾಡದೆ ಕಲಿಸಿದ್ದರು. ಬಲಿಷ್ಠನ ಮೇಲೆ ಬಿದ್ದ ಹೊಡೆತಕ್ಕೆ ನಗು, ಅಬಲೆಯ ಮೇಲೆ ಬಿದ್ದದ್ದಕ್ಕೆ ಕಣ್ಣೀರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿ ಅಚ್ಚಿಗೆ ತಂದ ಮೇಲೆ ಈಗ ಅದನ್ನು ಪುಸ್ತಕವಾಗಿಯೂ ಓದಬಹುದು. ಆದರೆ ಓದುವವನು ಒಬ್ಬನೇ ನಗಬೇಕು. ಅದು ಬೇರೆ ಅನುಭವ.

ಚಿಕ್ಕಲ್ಲೂರಿನ ಜಾತ್ರೆಗೆ ಹೋಗುವವರಿಗೆ ಮಂಟೇಸ್ವಾಮಿ ಕಾವ್ಯದ ಪರಿಚಯವೂ ಇದ್ದೇ ಇರುತ್ತದೆ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿ ಹೋದಾಗ ಅವನಿಗೆ ಒದಗಿದ ಹಿಂಸೆ ಒಂದೆರಡಲ್ಲ. ನೀಲಗಾರರು ಆ ಹಿಂಸೆಯನ್ನು ಒಂದೊಂದಾಗಿ ಹಾಡುವಾಗ ಜನ ಭಯಪಡುವುದೂ ಹೌದು, ಪ್ರತಿ ಸಲವೂ ಬದುಕಿ ಎದ್ದುಬಂದು ಎದುರು ನಿಲ್ಲುವ ಅವನ ಮೊಂಡುತನಕ್ಕೆ ನಗುವುದೂ ಹೌದು.

ಈ ಹಾಡುಗಾರಿಕೆಯ ಮೈಯಿಂದಲೇ ಎದ್ದುಬಂದ ಕೊಲೆಯ ಕಾದಂಬರಿ ದೇವನೂರ ಮಹಾದೇವರ 'ಕುಸುಮಬಾಲೆ'. ಅದನ್ನು ಯಾರೂ ಪತ್ತೇದಾರಿ ಎಂದು ಕರೆಯುವುದಿಲ್ಲ. ಆದರೆ ಅದರ ನಡುಮನೆಯಲ್ಲಿ ಇರುವುದು ಒಂದು ಕೊಲೆ. ಓದಿದ ದಲಿತ ಹುಡುಗ ಚೆನ್ನ, ಮೇಲುಜಾತಿಯ ಕುಸುಮ ಇವರ ಸಂಬಂಧ. ಊರಿನ ಬಾಯಲ್ಲಿ ಚೆನ್ನ ಬೊಂಬಾಯಿಗೆ ಹೋಗಿದ್ದಾನೆ. ನಿಜದಲ್ಲಿ ಅವನು ಇಲ್ಲ. ಈ ಗುಟ್ಟು ಪತ್ತೇದಾರನ ಬಾಯಿಂದ ಹೊರಬರುವುದಿಲ್ಲ. ರಾತ್ರಿ ಮನೆಮನೆಯ ದೀಪ ಬಿಟ್ಟು ಬಂದು ಕುಳಿತು ಹರಟುವ ಜೋತಮ್ಮರು ಮಾತಾಡುತ್ತಾರೆ, ಮಂಚ ಮಾತಾಡುತ್ತದೆ. ಆ ಹರಟೆಯಲ್ಲಿ ನಗು ತುಳುಕುತ್ತದೆ. ಕಾನೂನಿನ ಮುಂದೆ ಸಾಕ್ಷಿ ಹೇಳಲು ಮನುಷ್ಯರು ಬಾರದ ಊರಿನಲ್ಲಿ ದೀಪವೇ ಸಾಕ್ಷಿ ಹೇಳಬೇಕಾಯಿತು ಎನ್ನುವಾಗ ಆ ನಗುವಿನ ಕೆಳಗಿನ ಕತ್ತಲೆ ಕಾಣುತ್ತದೆ.

ಈ ಪುಸ್ತಕಕ್ಕೆ ಬಂದ ಪ್ರತಿಕ್ರಿಯೆಯೇ ಒಂದು ಕತೆ. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತಿನಲ್ಲಿ ಬರೆದ ಆ ಗದ್ಯ ಅರ್ಥವಾಗುವುದಿಲ್ಲ ಎಂದು ಉಳಿದ ಕಡೆಯ ಎಷ್ಟೋ ಓದುಗರು ಕೈಚೆಲ್ಲಿದರು. ಇದನ್ನು ಯಾರಾದರೂ ಕನ್ನಡಕ್ಕೆ ಅನುವಾದಿಸಬೇಕು ಎಂಬ ಚೇಷ್ಟೆಯ ಮಾತೂ ಓಡಾಡಿತು. ವಿದ್ವಾಂಸರಾದ ಎಲ್. ಬಸವರಾಜು ಅವರು ಬೇರೊಂದು ದಾರಿ ಹಿಡಿದರು. ಆ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಜೋಡಿಸಿ ತೋರಿಸಿದರು. ಇದು ಹಾಡಿನಿಂದ ಬಂದದ್ದು, ಕಿವಿಯಿಂದ ಓದಿ ಎಂದು ಅದರ ಅರ್ಥ. ಬೆಂಗಳೂರಿನ ಪದವೀಧರನಿಗೆ ಕಬ್ಬಿಣದ ಕಡಲೆಯಾದದ್ದು ಹನೂರಿನ ಕಡೆಯ ಯಾವುದಾದರೂ ಅಜ್ಜಿಗೆ ಓದಿ ಹೇಳಿದರೆ ಕಡಲೆಪುರಿಯಾಗಬಹುದು. ಓದುಗನ ಪ್ರತಿಕ್ರಿಯೆ ಎಂದು ಯಾರ ಪ್ರತಿಕ್ರಿಯೆಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದೂ ಯೋಚಿಸತಕ್ಕ ವಿಷಯ.

ಹೊರಗಿನ ಪ್ರಪಂಚದಲ್ಲೂ ವಿದ್ಯಾವಂತರೇ ಇಂಥ ಕಡೆ ಮುಗ್ಗರಿಸಿದ್ದಾರೆ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್'ನಲ್ಲಿ ರಾಜನ ಕೊಲೆಯಾದ ಮರುಕ್ಷಣ ಬಾಗಿಲು ಬಡಿಯುವ ಸದ್ದು. ಕುಡಿದ ಕಾವಲುಗಾರ ಎದ್ದು ಬಂದು, ತಾನು ನರಕದ ದ್ವಾರಪಾಲಕ ಎಂದುಕೊಂಡು ತಮಾಷೆ ಮಾಡುತ್ತಾನೆ. ಕವಿ ಕೋಲ್‌ರಿಜ್‌ಗೆ ಇದು ಸಹಿಸಲಿಲ್ಲ. ಇದು ಶೇಕ್ಸ್‌ಪಿಯರ್ ಬರೆದದ್ದಲ್ಲ, ಕೆಳದರ್ಜೆಯ ಪ್ರೇಕ್ಷಕರನ್ನು ಮೆಚ್ಚಿಸಲು ಇನ್ಯಾರೋ ಸೇರಿಸಿದ್ದು ಎಂದುಬಿಟ್ಟ. 1823ರಲ್ಲಿ ಡಿ ಕ್ವಿನ್ಸಿ ಎಂಬ ಪ್ರಬಂಧಕಾರ ಆ ಬಾಗಿಲು ಬಡಿತದ ಬಗ್ಗೆಯೇ ಒಂದು ಪ್ರಬಂಧ ಬರೆದ. ಕೊಲೆ ನಡೆಯುವಾಗ ಲೋಕವೇ ನಿಂತುಹೋಗಿತ್ತು, ಬಾಗಿಲು ಬಡಿದಾಗ ಸಾಮಾನ್ಯ ಬದುಕು ಮತ್ತೆ ಒಳಗೆ ಬರುತ್ತದೆ, ಆಗಲೇ ನಡೆದುಹೋದದ್ದರ ಭೀಕರತೆ ತಿಳಿಯುವುದು ಎಂಬುದು ಅವನ ವಾದ. ಸಾವಿನ ಮನೆಯಲ್ಲಿ ರಾತ್ರಿ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಣದ ಮುಂದೆ ಕುಳಿತು ಭಜನೆ ಹೇಳುವವರ ನಡುವೆ ಯಾರೋ ಒಂದು ಹಳೆಯ ತಮಾಷೆ ತೆಗೆಯುತ್ತಾರೆ, ಎಲ್ಲರೂ ನಗುತ್ತಾರೆ, ಆ ಮೇಲೆ ಅಳು ಮೊದಲಿಗಿಂತ ಜೋರಾಗುತ್ತದೆ.

ಇದೇ ಮ್ಯಾಕ್‌ಬೆತ್ ಕನ್ನಡದಲ್ಲಿ ಎಚ್.ಎಸ್. ಶಿವಪ್ರಕಾಶರ ಕೈಯಲ್ಲಿ 'ಮಾರನಾಯಕ'ನಾದ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅದನ್ನು ಮೈಸೂರಿನ ಕಾರಾಗೃಹದ ಕೈದಿಗಳಿಂದ ಆಡಿಸಿದರು. ಕೊಲೆಯ ಆರೋಪ ಹೊತ್ತು ಶಿಕ್ಷೆ ಅನುಭವಿಸುತ್ತಿದ್ದವರು ಕೊಲೆಗಾರನ ನಾಟಕ ಆಡಿದರು, ಹೊರಗಿನ ಜನ ಟಿಕೆಟ್ ಕೊಂಡು ನೋಡಿದರು. ಕೊಲೆಯ ಕತೆಗೆ ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕನ ಪ್ರತಿಕ್ರಿಯೆ ಒಂದು, ಕೈ ರಕ್ತವಾದದ್ದು ಏನೆಂದು ಬಲ್ಲವನ ಪ್ರತಿಕ್ರಿಯೆ ಇನ್ನೊಂದು. ಆ ರಂಗದ ಮೇಲೆ ಇವೆರಡೂ ಒಂದೇ ಕಡೆ ಸೇರಿದ್ದವು. ಈ ಸೀಮೆಯ ಟಾಡಾ ಕೈದಿಗಳು ವರ್ಷಗಟ್ಟಲೆ ಇದ್ದದ್ದೂ ಅದೇ ಮೈಸೂರಿನ ಜೈಲಿನಲ್ಲಿ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ರಕ್ತವನ್ನೂ ನಗುವನ್ನೂ ಬೆರೆಸಿದ ಎಲ್ಲ ಬರಹವೂ 'ಚಿದಂಬರ ರಹಸ್ಯ'ವಲ್ಲ. ಅಪರಾಧ ಸುದ್ದಿಯ ವಾರಪತ್ರಿಕೆಗಳು ಕನ್ನಡದಲ್ಲಿ ಭರದಿಂದ ಮಾರಾಟವಾದ ದಿನಗಳಲ್ಲಿ, ಸತ್ತವನ ಅಡ್ಡಹೆಸರು ಹಿಡಿದು ಗೇಲಿ ಮಾಡುವ, ಹೆಂಗಸಿನ ಕೊಲೆಗೆ ಅವಳ ನಡತೆಯ ಬಗ್ಗೆ ಕಣ್ಣು ಮಿಟುಕಿಸುವ ಶೈಲಿಯೊಂದು ರೂಢಿಗೆ ಬಂತು. ಅದನ್ನು ಓದಿ ನಕ್ಕವರೂ ಸಾವಿರಾರು. ಆ ನಗುವಿಗೂ ಕೆಸರೂರಿನ ನಗುವಿಗೂ ಅಂತರ ಎಲ್ಲಿದೆ? ಮಾದಪ್ಪನ ಕಾವ್ಯ ಕೇಳಿದವರ ಲೆಕ್ಕ ಹಿಡಿದರೆ ಉತ್ತರ ಕಷ್ಟವಲ್ಲ. ಶ್ರವಣನಿಗೆ ನಗುವ ಜಾಗದಲ್ಲಿ ಸಂಕಮ್ಮನಿಗೆ ನಕ್ಕರೆ ಅದು ಬೇರೆ ಕತೆ. ತೇಜಸ್ವಿ ಜೋಗಿಹಾಳರ ಸಾವಿಗೆ ನಗಿಸುವುದಿಲ್ಲ. ಆ ಸಾವಿನ ಸುತ್ತ ಜನ ಕಟ್ಟುವ ಸಿದ್ಧಾಂತಗಳಿಗೆ ನಗಿಸುತ್ತಾರೆ. ತಾನು ಸಂಶಯಾತೀತ ಎಂದುಕೊಂಡ ಓದುಗನೂ ಆ ಸಿದ್ಧಾಂತ ಕಟ್ಟುವವರ ಸಾಲಿನಲ್ಲಿ ಸಿಕ್ಕಿಬೀಳುತ್ತಾನೆ. ಮೊದಲ ನೂರು ಪುಟದಲ್ಲಿ ಯಾವ ಜಾತಿಯವನ ಮೇಲೆ, ಯಾವ ಮತದವನ ಮೇಲೆ ತನಗೆ ಅನುಮಾನ ಬಂದಿತ್ತು ಎಂದು ಅವನು ಆಮೇಲೆ ನೆನೆಸಿಕೊಂಡರೆ ಸಾಕು.

ತೇಜಸ್ವಿಯವರದೇ 'ಕೃಷ್ಣೇಗೌಡನ ಆನೆ' ಎಂಬ ಕತೆಯಿದೆ. ಊರಿನಲ್ಲಿ ಆದ ಅನಾಹುತಕ್ಕೆಲ್ಲ ಪಾಪದ ಆನೆಯೊಂದನ್ನು ಹೊಣೆ ಮಾಡಿ, ಇಲಾಖೆ ಇಲಾಖೆಗಳು ಒಂದರ ಮೇಲೊಂದು ಹಾಕಿಕೊಂಡು ಜಗಳವಾಡುತ್ತವೆ. ಅದು ನಾಟಕವಾಗಿ ಬಂದಾಗ ಪೇಟೆಯ ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಒಡೆಯರಪಾಳ್ಯದ ಕಡೆ, ಲೊಕ್ಕನಹಳ್ಳಿಯ ಕಡೆ ಮುಸುಕಿನ ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಆನೆ ಕಾಯುವವರು, ಬೆಳಿಗ್ಗೆ ಪರಿಹಾರದ ಅರ್ಜಿ ಹಿಡಿದು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದವರು ಆ ಕತೆಯನ್ನು ಓದಿದರೆ ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ವಿಮರ್ಶಕರು ಊಹಿಸಿ ಹೇಳುವ ಅಗತ್ಯವಿಲ್ಲ. ಅಂಥವರು ಈ ಸಭೆಯಲ್ಲೇ ಕುಳಿತಿದ್ದಾರೆ. ಇನ್ನು ಮಾತು ಅವರದು.